ಬಾಗಿಲಿನಲ್ಲೇ ನಿಂತ ಬಾಲ

"ಬಾಲ ಓದಿ," ಅಂದರು ಮ್ಯಾನೇಜರ್.

ದೊಡ್ಡವಳು ಓದಲಿಲ್ಲ. ಪರದೆಯ ಮೇಲಿದ್ದ ಆ ಒಂದು ಸಾಲು ಬೆಳಗಿನಿಂದ ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು.

"ನೀವೇ ಓದಿ ಸರ್. ನನ್ನ ಬಾಯಿಂದ ಯಾಕೆ?"

"ಬಾಲ ಹುಟ್ಟಿಸಿದವರು ನೀವು. ಓದೋಕೂ ನೀವೇ ಬೇಕು. ನಾವೆಲ್ಲ ಅದರ ತುದಿ ಹಿಡ್ಕೊಂಡು ಹೋಗೋರು."

ಅವರು ತಮ್ಮ ಮಾತಿಗೆ ತಾವೇ ನಕ್ಕರು. ದೊಡ್ಡವಳಿಗೆ ನಗು ಬರಲಿಲ್ಲ. ಮೂರನೆಯ ಮಹಡಿಯ ಆ ಸಣ್ಣ ಕೋಣೆಯಲ್ಲಿ ಏಸಿಯ ನೀರು ಅವಳ ಮೇಜಿನ ಮೂಲೆಗೆ ತೊಟ್ಟಿಕ್ಕುತ್ತಿತ್ತು. ಅದಕ್ಕೆಂದು ಇಟ್ಟಿದ್ದ ಬಕೆಟ್ಟು ಅರ್ಧ ತುಂಬಿತ್ತು.

ಬಾಲ ಅನ್ನುವುದು ಆ ಆಫೀಸಿನ ಮಾತು. ಕಣ್ಣು ಕಸಿ ಮಾಡಿಸಿಕೊಳ್ಳಲು ಕಾಯುತ್ತಿರುವವರ ಸರದಿ ನೋಡಿಕೊಳ್ಳುವ ವೆಬ್‌ಸೈಟು ಅವರದು. ಯಾರೋ ಎಲ್ಲೋ ಕೂತು ಒಂದು ಬಟನ್ ಒತ್ತಿದರೆ, ಒಳಗಿನ ಪ್ರೋಗ್ರಾಂ ಡೇಟಾಬೇಸಿಗೆ ಒಂದು ಕ್ವೆರಿ ಕಳಿಸುತ್ತದೆ: ಇದನ್ನು ಕೊಡು, ಅದನ್ನು ಬದಲಿಸು. ದಿನಕ್ಕೆ ಲಕ್ಷಗಟ್ಟಲೆ ಬರುವ ಕ್ವೆರಿಗಳಿಗೆ ಮುಖವೆಲ್ಲ ಒಂದೇ. ಇದು ಯಾವ ಕೋಡಿನಿಂದ ಹೊರಟಿತು ಎಂದು ಕೇಳಿದರೆ ಡೇಟಾಬೇಸ್ ತುಟಿ ಬಿಚ್ಚುವುದಿಲ್ಲ. ಅದಕ್ಕಾಗಿ ದೊಡ್ಡವಳು ಒಂದು ಉಪಾಯ ಮಾಡಿದ್ದಳು. ಪ್ರತಿ ಕ್ವೆರಿ ಹೊರಡುವಾಗ ಅದರ ಕೊನೆಗೆ ಒಂದು ಟಿಪ್ಪಣಿ ತಾನಾಗಿಯೇ ಅಂಟಿಕೊಳ್ಳುತ್ತಿತ್ತು: ಇಂಥ ಫೈಲು, ಇಂಥ ಸಾಲು. ಅದೇ ಬಾಲ. ಡೇಟಾಬೇಸಿಗೆ ಅದು ಬೇಕಿಲ್ಲದಿದ್ದರೂ ಲಾಗ್ ಎಂಬ ತನ್ನ ದಿನಚರಿಯಲ್ಲಿ ಚಾಚೂ ತಪ್ಪದೆ ಬರೆದುಕೊಳ್ಳುತ್ತಿತ್ತು. ಕಳ್ಳನ ಕೈಯಲ್ಲೇ ಅವನ ವಿಳಾಸ ಬರೆಸಿಕೊಂಡ ಹಾಗೆ.

ಬೆಳಿಗ್ಗೆ ಗಡಿಯಾರ ರಿಪೇರಿ ಮಾಡುವವರೊಬ್ಬರು ಫೋನ್ ಮಾಡಿ ದೂರು ಕೊಟ್ಟಿದ್ದರು. ನಿನ್ನೆಯವರೆಗೆ ಸರದಿಯಲ್ಲಿ ಎರಡನೆಯವರಾಗಿದ್ದ ಅವರು ಬೆಳಗಾಗುವಷ್ಟರಲ್ಲಿ ಮೂರನೆಯವರಾಗಿದ್ದರು. ಎಲ್ಲೋ ತಳದಲ್ಲಿದ್ದ ನಂಬರೊಂದು ಅವರ ಜಾಗಕ್ಕೆ ಬಂದು ಕೂತಿತ್ತು. ಕಣ್ಣಿನ ಬ್ಯಾಂಕಿಗೆ ಬಂದಿರುವುದು ಒಂದೇ ಜೊತೆ. ನಾಳೆ ಆಪರೇಷನ್ ಆಗುವುದು ಮೊದಲ ಇಬ್ಬರಿಗೆ ಮಾತ್ರ.

"ಫೈಲಿನ ಹೆಸರು ಬಾಗಿಲು," ಮ್ಯಾನೇಜರ್ ತಾವೇ ಓದಿದರು. "ಬಾಗಿಲು ಬರೆದವರು ನಿಮ್ಮ ವಾರಗಿತ್ತಿ. ಇನ್ನೇನು ಬೇಕು? ಸಂಜೆಯೊಳಗೆ ಪೊಲೀಸಿನವರು ಬರ್ತಾರೆ. ಒಂದು ಹೆಸರು ಕೇಳ್ತಾರೆ. ನಾನು ಕೊಡೋದು ಅಂತ ಮಾಡಿದೀನಿ. ನೀವು ಹೂಂ ಅಂದರೆ ಮುಗೀತು."

"ಬಾಲ ಹೇಳೋದು ಹಾಗೇ ಸರ್," ಅಂದಳು ದೊಡ್ಡವಳು.

ಅಂದ ಮೇಲೆ ಅವಳಿಗೇ ಒಂಥರಾ ಅನ್ನಿಸಿತು. ಆಡಿದ್ದು ಸುಳ್ಳಲ್ಲ. ನಿಜವಂತೂ ಅಲ್ಲವೇ ಅಲ್ಲ.

ಮ್ಯಾನೇಜರ್ ಅದನ್ನು ಹೂಂ ಎಂದೇ ತಿಳಿದುಕೊಂಡು, ಬಕೆಟ್ಟು ದಾಟಿ ಹೊರಗೆ ಹೋದರು.

* * *

ಕಾರಿಡಾರಿನ ಆ ಕಡೆ ಗಾಜಿನ ಕೋಣೆ. ಅದರೊಳಗೆ ಚಿಕ್ಕವಳು.

ಮನೆಯಲ್ಲಿ ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಅತ್ತೆ ಕರೆಯುತ್ತಿದ್ದ ಆ ಹೆಸರುಗಳು ಅದು ಹೇಗೋ ಆಫೀಸಿನವರ ನಾಲಗೆಗೂ ಅಂಟಿಕೊಂಡಿದ್ದವು. ಆದರೆ ಆಫೀಸಿನಲ್ಲಿ ಚಿಕ್ಕವಳೇ ದೊಡ್ಡವಳು, ದೊಡ್ಡವಳೇ ಚಿಕ್ಕವಳು ಅನ್ನುವುದು ಲಿಫ್ಟಿನಲ್ಲಿ ಎಲ್ಲರೂ ಮಾಡುವ ತಮಾಷೆ. ದೊಡ್ಡವಳು ಹತ್ತಿದ ಕೂಡಲೇ ಅದು ನಿಲ್ಲುತ್ತಿತ್ತು. ನಿಂತದ್ದು ಅವಳಿಗೆ ಕೇಳಿಸುತ್ತಿತ್ತು.

ಇವಳನ್ನು ಕೈ ಹಿಡಿದು ಇಲ್ಲಿಗೆ ಕರೆತಂದವಳು ತಾನು. ಸಂದರ್ಶನದ ಹಿಂದಿನ ದಿನ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದವಳು ತಾನು. ಈಗ ಅವಳ ಕೋಣೆಗೆ ಕಿಟಕಿ ಇದೆ, ಕಿಟಕಿಯಲ್ಲಿ ಎರಡು ಹಸಿರು ಗಿಡ ಇವೆ. ತನಗಿರುವುದು ಬಕೆಟ್ಟು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಮನೆಯದನ್ನು ನುಂಗುವುದು ಹೇಗೆ? ಅತ್ತೆಯ ಎರಡೂ ಕಣ್ಣಿಗೆ ಮಂಜು ಕವಿದ ಮೇಲೆ ಔಷಧಿ ಹಾಕುವವಳು ದೊಡ್ಡವಳು, ಬಾತ್‌ರೂಮಿಗೆ ಕೈ ಹಿಡಿದು ಕರೆದೊಯ್ಯುವವಳು ದೊಡ್ಡವಳು, ಆಸ್ಪತ್ರೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತು ಸೊಂಟ ನೋಯಿಸಿಕೊಂಡವಳೂ ದೊಡ್ಡವಳೇ. ಅತ್ತೆ ಮಾತ್ರ ಕಾಲಿನ ಸಪ್ಪಳ ಕೇಳಿದ ಕೂಡಲೇ ಮುಖವರಳಿಸಿ ಕೇಳುವುದು ಒಂದೇ: "ಚಿಕ್ಕವಳಾ?"

ಅಲ್ಲ ಅತ್ತೆ, ನಾನು ಅಂದಾಗ ಆ ಮುಖ ಸಣ್ಣಗೆ ಮುದುಡುತ್ತಿತ್ತು. ಕಣ್ಣು ಕಾಣದವರಿಗೆ ತಮ್ಮ ಮುಖ ಇನ್ನೊಬ್ಬರಿಗೆ ಕಾಣುತ್ತದೆ ಅನ್ನುವುದು ಮರೆತುಹೋಗುತ್ತದೆ.

ತಳದಿಂದ ಎದ್ದು ಎರಡನೆಯ ಜಾಗಕ್ಕೆ ಬಂದು ಕೂತ ಆ ನಂಬರು ಅತ್ತೆಯದು.

ಆಫೀಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ನಂಬರು ಮಾತ್ರ, ಹೆಸರಿರುವುದು ಆಸ್ಪತ್ರೆಯವರ ಹತ್ತಿರ. ಗೊತ್ತಿದ್ದದ್ದು ಇಬ್ಬರಿಗೆ, ಇಬ್ಬರೂ ಒಂದೇ ಮನೆಯ ಸೊಸೆಯರು.

ಬೆಳಿಗ್ಗೆ ಆ ನಂಬರು ನೋಡಿದಾಗ ದೊಡ್ಡವಳ ಎದೆಯಲ್ಲಿ ಮೊದಲು ಎದ್ದದ್ದು ಗಾಬರಿ ಅಲ್ಲ, ಉರಿ. ಇವಳು ಮಾಡಿಯೇಬಿಟ್ಟಳು. ನಾನು ಬೆಂಚಿನ ಮೇಲೆ ಕೂತು ಕಾಯುತ್ತಿದ್ದರೆ ಇವಳು ಒಂದು ಸಾಲು ಬರೆದು ಕಣ್ಣು ತಂದುಕೊಟ್ಟಳು. ಬ್ಯಾಂಡೇಜು ಬಿಚ್ಚಿದ ದಿನ ಅತ್ತೆ ಯಾರ ಮುಖ ಮೊದಲು ನೋಡಬೇಕು ಎನ್ನುತ್ತಾರೆ ಎಂದು ಬೇರೆ ಹೇಳಬೇಕೇ?

ಹಾಗಾಗಿ ಮ್ಯಾನೇಜರ್ "ಬಾಗಿಲು" ಎಂದು ಓದಿದಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಒಂದೇ ಒಂದು ತೊಡಕಿತ್ತು. ಆ ಬಾಲ ಚಿಕ್ಕವಳ ಕಡೆ ಬೆರಳು ಮಾಡುತ್ತಲೇ ಇರಲಿಲ್ಲ ಅನ್ನುವುದು ಇಡೀ ಕಟ್ಟಡದಲ್ಲಿ ದೊಡ್ಡವಳಿಗೆ ಮಾತ್ರ ತಿಳಿದಿತ್ತು.

ಸಂಗತಿ ಇಷ್ಟೇ. ಡೇಟಾಬೇಸಿನಲ್ಲಿ ಏನನ್ನೇ ಬದಲಿಸಬೇಕಾದರೂ ಎಲ್ಲರ ಕೋಡೂ ಬಾಗಿಲು ಎಂಬ ಆ ಫೈಲಿನ ಮೂಲಕವೇ ಹೋಗಬೇಕು. ಅಲ್ಲಿ ತಪಾಸಣೆಯಾಗಿ ಮುಂದಕ್ಕೆ. ಚಿಕ್ಕವಳಿಗೆ ಗಾಜಿನ ಕೋಣೆ ತಂದುಕೊಟ್ಟದ್ದೂ ಅದೇ ಫೈಲು. ಬಾಲ ಅಂಟಿಸುವ ಕೋಡು ಕ್ವೆರಿ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತಾ ಹೋಗಿ, ನಮ್ಮವರು ಬರೆದ ಮೊದಲ ಫೈಲು ಸಿಕ್ಕ ಕೂಡಲೇ ಅಲ್ಲಿಯೇ ನಿಂತು ಅದರ ಹೆಸರು ಬರೆದುಬಿಡುತ್ತದೆ. ಬಾಗಿಲು ಬಂದ ಮೇಲೆ ಅದಕ್ಕೆ ಮೊದಲು ಸಿಗುವುದು ಯಾವಾಗಲೂ ಬಾಗಿಲೇ. ಒಳಗೆ ಬಂದವರು ಯಾರು ಎಂದು ಕೇಳಿದರೆ ಗೇಟಿನ ಹೆಸರು ಹೇಳಿದ ಹಾಗೆ.

ಸರಿಪಡಿಸುವುದು ಒಂದು ಸಾಲಿನ ಕೆಲಸ. ಬಾಗಿಲನ್ನು ಲೆಕ್ಕಕ್ಕೆ ಹಿಡಿಯಬೇಡ, ದಾಟಿ ಹೋಗು ಎಂದು ಬಾಲದ ಕೋಡಿಗೆ ಹೇಳಿದರಾಯಿತು. ಆದರೆ ಬಾಗಿಲು ಬಂದ ದಿನ ಅವಳಾಗಿ ಬಂದು ಕೇಳಲಿ ಎಂದು ದೊಡ್ಡವಳು ಕಾದಳು. ಅಕ್ಕನೇ ಕರೆದು ಹೇಳಲಿ ಎಂದು ಚಿಕ್ಕವಳು ಕಾದಳೋ ಏನೋ. ಇಬ್ಬರೂ ಒಂದೇ ಆಟೋದಲ್ಲಿ ಬಂದು ಒಂದೇ ಆಟೋದಲ್ಲಿ ಹೋಗುತ್ತಿದ್ದರು. ಬಾಲ ಮಾತ್ರ ಅಂದಿನಿಂದ ಬಾಗಿಲಿನಲ್ಲೇ ನಿಂತಿತ್ತು.

ಈಗ ಸುಮ್ಮನಿದ್ದರೆ ಸಾಕು. ಸಂಜೆಯ ಹೊತ್ತಿಗೆ ಗಾಜಿನ ಕೋಣೆ ಖಾಲಿಯಾಗುತ್ತದೆ.

* * *

ಚಿಕ್ಕವಳು ತಾನಾಗಿಯೇ ಬಂದಳು. ಬಾಗಿಲ ಬಳಿ ನಿಂತು, "ಅಕ್ಕ, ಸ್ವಲ್ಪ ಹಿಂದಿನ ಮೆಟ್ಟಿಲ ಹತ್ರ ಬರ್ತೀರಾ?" ಅಂದಳು.

"ಇಲ್ಲೇ ಹೇಳು."

"ಇಲ್ಲಿ ಬೇಡ. ಗೋಡೆಗೂ ಕಿವಿ ಬಂದಿದೆ ಇವತ್ತು."

ಹಿಂದಿನ ಮೆಟ್ಟಿಲು ಬೆಂಕಿ ಬಿದ್ದರೆ ಇಳಿದು ಓಡಲು ಕಟ್ಟಿದ್ದು. ಬೆಂಕಿ ಎಂದೂ ಬೀಳದಿದ್ದರಿಂದ ಅಲ್ಲಿ ಮುರಿದ ಕುರ್ಚಿಗಳು, ಒಡೆದ ಕೀಬೋರ್ಡುಗಳು, ಆಫೀಸಿನವರ ಗುಟ್ಟುಗಳು ಸೇರಿಕೊಂಡಿದ್ದವು.

"ನನ್ನ ಹೆಸರು ಕೊಡ್ತಿದಾರಂತೆ," ಅಂದಳು ಚಿಕ್ಕವಳು. ಮುಖ ಬಿಳುಚಿತ್ತು. ಆದರೂ ಕೂದಲು ಒಂದೆಳೆಯೂ ಕೆದರಿರಲಿಲ್ಲ. ದೊಡ್ಡವಳ ಕಣ್ಣಿಗೆ ಬಿದ್ದದ್ದು ಮೊದಲು ಅದೇ.

"ಬಾಲ ಹಾಗೆ ಹೇಳುತ್ತೆ."

"ಬಾಲ ಎಲ್ಲರ ವಿಷಯದಲ್ಲೂ ಹಾಗೇ ಹೇಳುತ್ತೆ ಅಕ್ಕ. ಅದು ನಿಮಗೂ ಗೊತ್ತು, ನನಗೂ ಗೊತ್ತು."

"ಗೊತ್ತಿದ್ದರೆ ಹೋಗಿ ಹೇಳು. ಗಾಜಿನ ಕೋಣೆಯವರ ಮಾತಿಗೆ ಬೆಲೆ ಜಾಸ್ತಿ."

"ಕಳ್ಳಿ ಅಂತ ಹೆಸರಾದೋಳ ಮಾತು ಯಾರು ಕೇಳ್ತಾರೆ? ನೀವು ಹೇಳಿದರೆ ಕೇಳ್ತಾರೆ."

"ಓಹೋ. ಇವತ್ತು ಅಕ್ಕ ಬೇಕಾದಳು."

ಚಿಕ್ಕವಳು ಮುರಿದ ಕುರ್ಚಿಯೊಂದರ ತೋಳಿನ ಮೇಲೆ ಕೂತಳು. "ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತ ನನಗೆ ತಿಳಿಯಲ್ಲ ಅಂದ್ಕೊಂಡಿದೀರಾ?"

ಮೆಟ್ಟಿಲ ಕೆಳಗೆ ಯಾವುದೋ ಕದ ಬಡಿದುಕೊಂಡಿತು. ದೊಡ್ಡವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ನನಗ್ಯಾಕೆ ಹೊಟ್ಟೆಕಿಚ್ಚು? ನಿನ್ನ ಎರಡು ಗಿಡ ನೋಡ್ಕೊಂಡಾ?"

"ಒಬ್ಬೊಬ್ಬರಿಗೂ ರಿಂಗಿನ ಹಾಡು ಬೇರೆ ಬೇರೆ ಇದೆಯಲ್ಲ, ಅತ್ತೆ ನನ್ನ ಫೋನಾದರೆ ಮೊದಲನೇ ರಿಂಗಿಗೇ ಎತ್ತುತ್ತಾರೆ. ನಿಮ್ಮದಾದರೆ ಎತ್ತೋದೇ ಇಲ್ಲ. ಅದನ್ನ ನೀವು ಭಾವನ ಹತ್ರ ಹೇಳ್ಕೊಂಡಿರಿ. ಅವರು ಇವರ ಹತ್ರ ಹೇಳಿದರು. ಮನೆ ಗೋಡೆ ತೆಳ್ಳಗಿದೆ ಅಕ್ಕ."

ಗಂಡನ ಮೇಲೆ ಬಂದ ಸಿಟ್ಟು ದೊಡ್ಡವಳ ಮೂಗಿನ ತುದಿಗೆ ಬಂದು ನಿಂತಿತು. ಅಣ್ಣ ತಮ್ಮ ಇಬ್ಬರೂ ಸೇರಿ ಪ್ರಿಂಟಿಂಗ್ ಪ್ರೆಸ್ ನಡೆಸುವುದೇನೋ ಸರಿ. ಅಲ್ಲಿ ಅಚ್ಚಾಗುವುದು ಬರೀ ಲಗ್ನಪತ್ರಿಕೆ ಅಲ್ಲ ಅಂತಾಯಿತು.

"ಸರಿ, ನನಗೆ ಹೊಟ್ಟೆಕಿಚ್ಚು ಅಂತಲೇ ಇಟ್ಕೋ," ಅಂದಳು. "ನೀನು ಮಾಡಿದ್ದು ತಾನೇ? ಅತ್ತೆ ನಂಬರು ಮೇಲೆ ತಂದದ್ದು?"

ಚಿಕ್ಕವಳು ತಲೆ ಎತ್ತಿ ನೋಡಿದಳು. ಆ ನೋಟದಲ್ಲಿ ನಿಜವಾದ ಬೆರಗಿತ್ತು. ಹಾಗೆಂದು ದೊಡ್ಡವಳಿಗೆ ಅನ್ನಿಸಿತು.

"ನಾನಾ? ಅಕ್ಕ, ನಾನು ನೀವು ಅಂದ್ಕೊಂಡಿದ್ದೆ."

"ಏನಂದೆ?"

"ನೀವೇ ಮಾಡಿದೀರಿ ಅಂದ್ಕೊಂಡೆ. ಆಸ್ಪತ್ರೆಗೆ ಅಲೆದು ಅಲೆದು ಬೇಸತ್ತು ಮಾಡಿಬಿಟ್ಟಿದೀರಿ ಅಂತ. ಅದಕ್ಕೇ ಬೆಳಗಿನಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಬಾಲ ಬಾಗಿಲಿನಲ್ಲಿ ನಿಲ್ಲುತ್ತೆ ಅಂತ ಹೇಳಿದ್ದರೆ ಮುಂದಕ್ಕೆ ಹುಡುಕ್ತಾರೆ, ಹುಡುಕಿದರೆ ನೀವು ಸಿಕ್ಕಿಹಾಕ್ಕೋತೀರಿ ಅನ್ನಿಸ್ತು."

ದೊಡ್ಡವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು.

"ಇನ್ನೊಂದು ನಿಜ ಹೇಳ್ಲಾ?" ಚಿಕ್ಕವಳ ದನಿ ತಗ್ಗಿತು. "ನನಗೂ ಉರೀತು. ಕಣ್ಣು ಬಂದ ಮೇಲೆ ಅತ್ತೆ ನಿಮ್ಮನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರೆ, ನಾನು ಮೂಲೆ ಸೇರ್ತೀನಿ ಅಂತ. ನಿಮಗೊಬ್ಬರಿಗೇ ಹೊಟ್ಟೆ ಇರೋದಾ ಅಕ್ಕ?"

ಅಷ್ಟು ದಿನ ಒಳಗೆ ಬಿಗಿದುಕೊಂಡಿದ್ದ ಏನೋ ಒಂದು ದೊಡ್ಡವಳಲ್ಲಿ ಸಡಿಲಗೊಂಡಿತು. ತನಗೆ ಉರಿದ ಹಾಗೆಯೇ ಇವಳಿಗೂ ಉರಿದಿತ್ತು ಅನ್ನುವುದು ಎಂಥ ಸಮಾಧಾನ. ಅವಳ ಕಣ್ಣಂಚು ಒದ್ದೆಯಾಯಿತು. ಅದನ್ನು ಕಾಣಿಸಬಾರದೆಂದು ಗೋಡೆಯ ಬಿರುಕನ್ನು ನೋಡುತ್ತಾ ನಿಂತಳು.

"ಎದ್ದೇಳು," ಅಂದಳು ಕೊನೆಗೆ. "ಕುರ್ಚಿ ಮುರಿದಿದೆ, ಬಿದ್ದೀಯ."

"ಏನ್ ಮಾಡ್ತೀರಿ ಅಕ್ಕ?"

"ಬಾಗಿಲು ದಾಟಿಸ್ತೀನಿ. ಬೆಳಿಗ್ಗೆ ಸರದಿಯನ್ನ ಮತ್ತೆ ಮೊದಲಿನ ಹಾಗೇ ಮಾಡಿದೀವಿ. ಸಂಜೆ ಪಟ್ಟಿ ಮುಚ್ಚುತ್ತೆ. ಮಾಡಿದೋರು ಅಷ್ಟರೊಳಗೆ ಇನ್ನೊಂದು ಸಲ ಬರಲೇಬೇಕು. ಬಂದರೆ ಈ ಸಲ ಬಾಲ ಅವರ ಮನೆವರೆಗೂ ಹೋಗಿ ಕದ ತಟ್ಟುತ್ತೆ."

ಚಿಕ್ಕವಳು ಅವಳ ಕೈ ಹಿಡಿದುಕೊಂಡು ಒಂದು ಕ್ಷಣ ಬಿಡಲಿಲ್ಲ. ಆಮೇಲೆ, "ಮುಖ ತೊಳ್ಕೊಂಡು ಬರ್ತೀನಿ. ಹೀಗೆ ಹೋದರೆ ಎಲ್ಲ ಕೇಳ್ತಾರೆ," ಎಂದು ಮೆಟ್ಟಿಲಿಳಿದು ಹೋದಳು.

* * *

ಮ್ಯಾನೇಜರಿಗೆ ಅರ್ಥ ಮಾಡಿಸುವುದು ಸುಲಭವಾಗಲಿಲ್ಲ.

"ಅಂದರೆ ಬೆಳಿಗ್ಗೆ ಹೂಂ ಅಂದದ್ದು ಈಗ ಊಹೂಂ ಅಂತಲಾ?"

"ನಾನು ಹೂಂ ಅಂದಿಲ್ಲ ಸರ್. ಬಾಲ ಹಾಗೆ ಹೇಳುತ್ತೆ ಅಂದೆ. ಕಳೆದ ತಿಂಗಳು ನೀವು ನಿಮ್ಮ ಫೋನ್ ನಂಬರು ಬದಲಿಸಿದ್ದು ನೋಡಿ. ಅದರ ಬಾಲ ಏನನ್ನುತ್ತೆ?"

ಅವರು ಬಗ್ಗಿ ನೋಡಿದರು. "ಬಾಗಿಲು."

"ಇದು? ಆಸ್ಪತ್ರೆಯವರು ವಿಳಾಸ ತಿದ್ದಿದ್ದು?"

"ಇದೂ ಬಾಗಿಲು."

"ಹಾಗಾದರೆ ನಿಮ್ಮನ್ನೂ ಪೊಲೀಸಿಗೆ ಕೊಡೋಣವೇ?"

ಮ್ಯಾನೇಜರ್ ಕುರ್ಚಿಗೆ ಒರಗಿದರು. ಮುಖದಲ್ಲಿ ಮೆಚ್ಚುಗೆಯೋ ಮುಜುಗರವೋ ತಿಳಿಯಲಿಲ್ಲ. "ಅಂದರೆ ಇಷ್ಟು ದಿನ ನಮ್ಮ ಬಾಲಕ್ಕೆ ಕಣ್ಣೇ ಇರಲಿಲ್ಲ."

"ಈಗ ಕೊಡ್ತೀನಿ."

"ಕೊಡಿ. ಆದರೆ ಒಂದು. ಈ ಸಲ ಬಾಲ ಏನು ಹೇಳುತ್ತೋ ಅದೇ ಕೊನೆ. ಅದರ ಒಂದು ಪ್ರತಿ ನೇರ ನನ್ನ ಪರದೆಗೂ ಬರಬೇಕು. ಆಮೇಲೆ ಅದು ಹಾಗಲ್ಲ ಹೀಗೆ ಅಂತ ಯಾರೂ ಬರಬಾರದು. ನೀವೂ ಸೇರಿ."

"ಒಪ್ಪಿದೆ ಸರ್. ಈ ಸಲ ಬಾಲ ಬಿದ್ದ ಕಡೆಯೇ ಕಳ್ಳ."

ಆ ಮಾತನ್ನೇ ಅವರು ಪೊಲೀಸಿನವರಿಗೆ ಬರೆದು ಕಳಿಸಿದರು. ತನಿಖೆಗೆ ಬರುವವರು ಒಬ್ಬ ಹೆಣ್ಣುಮಗಳಂತೆ. ದಾರಿಯಲ್ಲಿದ್ದೇನೆ ಎಂಬ ಉತ್ತರವೂ ಬಂತು.

ದೊಡ್ಡವಳು ತನ್ನ ಜಾಗಕ್ಕೆ ಬಂದು ಆ ಒಂದು ಸಾಲು ಸೇರಿಸಿದಳು. ಪರೀಕ್ಷೆಗೆಂದು ತನ್ನದೇ ಒಂದು ಹಳೆಯ ನೋಂದಣಿಯಲ್ಲಿ ವಿಳಾಸ ತಿದ್ದಿ ನೋಡಿದಳು. ಬಾಲ ಬಾಗಿಲಿನಲ್ಲಿ ನಿಲ್ಲಲಿಲ್ಲ. ಅದನ್ನು ದಾಟಿ, ವಿಳಾಸ ತಿದ್ದುವ ಪುಟದ ಫೈಲು, ಅದರ ಸಾಲು ಎಲ್ಲವನ್ನೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿತು.

ಚಿಕ್ಕವಳು ಎರಡು ಲೋಟ ಟೀ ಹಿಡಿದುಕೊಂಡು ಬಂದಳು. ಮುಖ ತೊಳೆದದ್ದಷ್ಟೇ ಅಲ್ಲ, ಎಲ್ಲವೂ ತೊಳೆದುಹೋದಂತೆ ಹಗುರಾಗಿದ್ದಳು. ಬಕೆಟ್ಟನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ ಸ್ಟೂಲೆಳೆದುಕೊಂಡು ಕೂತಳು.

"ಈ ಕೋಣೆಯಲ್ಲಿ ಹೇಗೆ ಕೂರ್ತೀರಿ ಅಕ್ಕ? ನಾಳೆನೇ ನನ್ನ ಕೋಣೆಗೆ ಇನ್ನೊಂದು ಮೇಜು ಹಾಕಿಸ್ತೀನಿ."

"ನಿನ್ನ ಗಿಡಕ್ಕೆ ನೀರು ಹಾಕೋಕಾ?"

"ನೀವು ಹಾಕಿದರೆ ಬದುಕ್ತವೆ. ನನ್ನ ಕೈಯಲ್ಲಿ ಎಲೆ ಉದುರಿಸ್ತಿವೆ."

ಇಬ್ಬರೂ ನಕ್ಕರು. ಎಷ್ಟೋ ದಿನದ ಮೇಲೆ ಇವಳ ಪಕ್ಕದಲ್ಲಿ ಕೂರುವುದು ದೊಡ್ಡವಳಿಗೆ ಹಿತವೆನ್ನಿಸಿತು. ಇವಳನ್ನು ಪೊಲೀಸಿಗೆ ಹಿಡಿದುಕೊಡಲು ಹೊರಟಿದ್ದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಟೀ ಬಿಸಿಯಾಗಿತ್ತು. ಸಕ್ಕರೆ ಕಡಿಮೆ, ತನಗೆ ಬೇಕಾದ ಹಾಗೆ. ಇವಳಿಗೆ ಇದು ನೆನಪಿದೆಯಲ್ಲ ಅಂದುಕೊಂಡಳು.

ಲೋಟ ಕೆಳಗಿಡುವುದರೊಳಗೆ ಪರದೆ ಒಮ್ಮೆ ಮಿನುಗಿತು.

ಸರದಿಯ ಪಟ್ಟಿಗೆ ಒಂದು ಬದಲಾವಣೆ. ಗಡಿಯಾರ ರಿಪೇರಿಯವರು ಎರಡರಿಂದ ಮೂರಕ್ಕೆ. ಅತ್ತೆಯ ನಂಬರು ತಳದಿಂದ ಎರಡಕ್ಕೆ.

"ಬಂತು," ಅಂದಳು ದೊಡ್ಡವಳು.

ಅವಳು ಬಾಲ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಆ ಫೈಲು ತೆರೆದು ಆ ಸಾಲಿಗೆ ಹೋಗಿ ನಿಂತಳು. ತನ್ನ ಕೈಬರಹ ತನಗೆ ಗುರುತು ಸಿಗದೆ ಇರುತ್ತದೆಯೇ? ಕೋಡಿಗೂ ಕೈಬರಹ ಇರುತ್ತದೆ.

ಅದು ತುರ್ತು ಪುಟ. ರೋಗಿಯ ಕಣ್ಣು ತೀರಾ ಕೆಟ್ಟರೆ, ಆಸ್ಪತ್ರೆಯವರು ಕೇಳಿಕೊಂಡಾಗ ಮಾತ್ರ ಸರದಿ ಮೇಲೆ ಕೆಳಗೆ ಮಾಡುವ ಪುಟ. ಬರೆದವಳು ದೊಡ್ಡವಳು. ತೆರೆಯುವ ಹಕ್ಕು ಇಡೀ ಆಫೀಸಿನಲ್ಲಿ ಒಬ್ಬರಿಗೇ, ಅದೂ ದೊಡ್ಡವಳಿಗೇ.

"ಅಕ್ಕ," ಅಂದಳು ಚಿಕ್ಕವಳು ಮೆಲ್ಲಗೆ, "ಇದು ನಿಮ್ಮದಲ್ವಾ?"

"ನನ್ನ ಕೈ ಇಲ್ಲೇ ಇದೆ ಕಣೇ. ಲೋಟ ಹಿಡ್ಕೊಂಡಿದ್ದೆ. ನೀನೇ ನೋಡಿದೆ."

"ನಾನು ನೋಡಿದೆ."

ದೊಡ್ಡವಳ ತಲೆ ಕೆಲಸ ಮಾಡುತ್ತಿತ್ತು. ತನ್ನ ಲಾಗಿನ್ ಉಳಿದುಕೊಂಡಿರುವುದು ಎರಡೇ ಕಂಪ್ಯೂಟರಿನಲ್ಲಿ. ಒಂದು ಎದುರಿಗಿದೆ. ಇನ್ನೊಂದು ಮನೆಯ ಹಾಲಿನಲ್ಲಿ, ರಜೆಯ ದಿನ ಆಸ್ಪತ್ರೆಯಿಂದ ಕರೆ ಬಂದರೆ ಇರಲಿ ಎಂದು ಇಟ್ಟುಕೊಂಡದ್ದು.

ಗಂಡನಿಗೆ ಫೋನ್ ಮಾಡಿದಳು. ಹಿಂದೆ ಅಚ್ಚಿನ ಯಂತ್ರದ ಸದ್ದು. ಮೈದುನನೂ ಅಲ್ಲೇ ಇದ್ದ. ಬೆಳಗಿನಿಂದ ಇಬ್ಬರೂ ಪ್ರೆಸ್ ಬಿಟ್ಟು ಅಲ್ಲಾಡಿಲ್ಲ ಅಂದರು.

ಮನೆಯಲ್ಲಿ ಉಳಿದವರು ಒಬ್ಬರೇ. ತಟ್ಟೆಯಲ್ಲಿ ಅನ್ನ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಕೈ ಹಿಡಿದು ತೋರಿಸಬೇಕಾದ ಅತ್ತೆ.

ಮನೆಗೆ ಯಾರೋ ನುಗ್ಗಿದ್ದಾರೆ. ದೊಡ್ಡವಳಿಗೆ ಹೊಳೆದದ್ದು ಅದೊಂದೇ. ಅವಳು ಅತ್ತೆಯ ಫೋನಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ನನ್ನದು ಎತ್ತಲ್ಲ ಅವರು," ಎನ್ನುತ್ತಾ ಮೇಜಿನ ಮೇಲೆ ಟೀ ಲೋಟದ ಪಕ್ಕ ಇದ್ದ ಚಿಕ್ಕವಳ ಫೋನನ್ನು ಎತ್ತಿಕೊಂಡಳು.

"ಅಕ್ಕ, ಕೊಡಿ ಇಲ್ಲಿ, ನಾನು ಮಾಡ್ತೀನಿ," ಚಿಕ್ಕವಳು ಕೈ ಚಾಚಿದಳು.

ಅಷ್ಟರಲ್ಲಿ ದೊಡ್ಡವಳು ಅತ್ತೆ ಎಂಬ ಹೆಸರನ್ನು ಒತ್ತಿ ಸ್ಪೀಕರಿಗೆ ಹಾಕಿಯಾಗಿತ್ತು. ಮೊದಲನೆಯ ರಿಂಗು ಪೂರ್ತಿ ಮುಗಿಯಲಿಲ್ಲ.

"ಈಗ ತಾನೇ ಮಾಡಿ ಇಟ್ಟೆಯಲ್ಲಮ್ಮ ಚಿಕ್ಕವಳೇ," ಅತ್ತೆಯ ದನಿ ಸಣ್ಣ ಕೋಣೆಯ ತುಂಬ ಅರಳಿತು, "ಮತ್ತ್ಯಾಕೆ? ನೀನು ಹೇಳಿದ ಹಾಗೇ ಮಾಡಿದೆ ಕಣಮ್ಮ. ಬೆಳಿಗ್ಗೆ ಕಂಪ್ಯೂಟರು ತೆರೆದಿಟ್ಟು ಹೋಗಿದ್ದೆಯಲ್ಲ, ಮಣಿ ಅಂಟಿಸಿದ ಕೀ ಕೈಗೆ ಸಿಕ್ತು. ಒತ್ತಿದೆ. ಟಿಣ್ ಅಂತು. ಸರಿಯಾಯ್ತು ತಾನೇ?"

ದೊಡ್ಡವಳು ಚಿಕ್ಕವಳ ಕಡೆ ತಿರುಗಿದಳು.

"ದೊಡ್ಡವಳ ಫೋನು ಎರಡು ಸಲ ಹೊಡ್ಕೋತು, ನಾನು ಎತ್ತಲಿಲ್ಲ. ಅವಳ ಹತ್ರ ನನಗೆ ಸುಳ್ಳು ಹೇಳೋಕೆ ಬರಲ್ಲ. ಅವಳಿಗೆ ಈಗಲೇ ಗೊತ್ತಾಗೋದು ಬೇಡಮ್ಮ. ಪಾಪ, ತನ್ನ ಕೈಲಿ ಆಗದ್ದನ್ನ ನೀನು ಮಾಡಿದೆ ಅಂತ ಸಂಕಟಪಡ್ತಾಳೆ. ಕೇಳಿಸ್ತಾ?"

ಚಿಕ್ಕವಳು ಕೈ ಮುಂದೆ ಮಾಡಿ ಕರೆಯನ್ನು ಕತ್ತರಿಸಿದಳು. ಅವಸರವಿರಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿ ತನ್ನ ಮುಂದೆ ಇಟ್ಟುಕೊಂಡಳು.

ಹಿಂದಿನ ಮೆಟ್ಟಿಲು. ಮುಖ ತೊಳೆದುಕೊಳ್ಳಲು ಹೋದವಳು ಟೀ ತರುವ ಮೊದಲು ಅತ್ತೆಗೂ ಫೋನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಲು ಹೇಳಿ ಬಂದಿದ್ದಳು. ದೊಡ್ಡವಳ ಹೊಟ್ಟೆಕಿಚ್ಚು ಬೆಳಗಿನಿಂದ ಬಡಬಡಿಸುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು. ಅದರ ಮಾತು ಕೇಳಿ ಸುಮ್ಮನೆ ಕೂತಿದ್ದರೆ ಕಳ್ಳಿ ಸಿಕ್ಕಿಬೀಳುತ್ತಿದ್ದಳು. ತಾನು ಒಳ್ಳೆಯವಳಾಗಲು ಹೋಗಿ, ಅವಳ ಮೇಲಿದ್ದ ಒಂದೇ ಒಂದು ಗುರುತನ್ನು ತನ್ನ ಕೈಯಾರೆ ಅಳಿಸಿ ಹಾಕಿದ್ದಳು.

"ನೀವು ಸುಳ್ಳು ಹೇಳೋರಲ್ಲ ಅಂತ ನನಗೆ ಗೊತ್ತಿತ್ತು ಅಕ್ಕ," ಅಂದಳು ಚಿಕ್ಕವಳು. "ಅದನ್ನೇ ನಂಬ್ಕೊಂಡಿದ್ದೆ."

"ಯಾಕೆ? ನಾನು ನಿನಗೆ ಏನು ಮಾಡಿದ್ದೆ?"

"ನೀವು ಏನೂ ಮಾಡಲಿಲ್ಲ. ಮಾಡೋದೆಲ್ಲ ನೀವೇ ಅಂತ ಅತ್ತೆ ರಾತ್ರಿ ಹಗಲು ಹೇಳ್ತಾರೆ. ನನ್ನ ಎದುರಿಗೆ, ನಿಮ್ಮ ಎದುರಿಗಲ್ಲ. ಔಷಧಿ ದೊಡ್ಡವಳದು, ಆಸ್ಪತ್ರೆ ದೊಡ್ಡವಳದು. ನಾನು ಕರೆದರೆ ನಗ್ತಾರೆ, ಅಷ್ಟೇ. ನಂಬೋದು ನಿಮ್ಮನ್ನ." ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿದಳು. "ಮೆಟ್ಟಿಲ ಹತ್ರ ನನಗೂ ಉರೀತು ಅಂದೆನಲ್ಲ, ಅದೊಂದು ಮಾತ್ರ ಸುಳ್ಳಲ್ಲ."

"ನಾನು ಎಲ್ಲ ಹೇಳಿಬಿಡ್ತೀನಿ."

"ಹೇಳಿ. ಬಟನ್ ಒತ್ತಿದೋರು ಅತ್ತೆ. ಅವರನ್ನ ಕರೆದು ಕೂರಿಸ್ತಾರೆ, ಕೇಳ್ತಾರೆ. ನನ್ನ ಹೆಸರು ಅವರ ಬಾಯಿಂದ ಹೊರಡಲ್ಲ. ಪಟ್ಟಿಯಿಂದ ಅವರ ನಂಬರು ತೆಗೆದುಹಾಕ್ತಾರೆ, ಇನ್ನು ಯಾವತ್ತೂ ಸೇರಿಸಲ್ಲ. ಕಣ್ಣಿನ ಆಸೆ ಅಲ್ಲಿಗೆ ಮುಗೀತು. ಹೇಳದಿದ್ದರೆ ಬಾಲ ನಿಮ್ಮ ಪುಟದಲ್ಲಿದೆ." ಅವಳು ಎದ್ದು ನಿಂತಳು. "ನಾನು ಮಾತ್ರ ಎರಡು ಕಡೆನೂ ಇಲ್ಲ. ಬಾಗಿಲು ನೀವೇ ದಾಟಿಸಿದಿರಿ."

ಕಾರಿಡಾರಿನಲ್ಲಿ ಬೂಟಿನ ಸಪ್ಪಳ ಕೇಳಿಸಿತು. ಮ್ಯಾನೇಜರ್ ಬಾಗಿಲು ತಳ್ಳಿಕೊಂಡು ಬಂದರು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ದೊಡ್ಡವಳ ಕಡೆ ಅವರು ನೋಡಲಿಲ್ಲ. ಅವರ ಹಿಂದೆ, ಖಾಕಿ ತೊಟ್ಟ, ಕೂದಲು ನರೆತ ಹೆಂಗಸೊಬ್ಬಳು ಒಳಗೆ ಬಂದು ಕೋಣೆಯನ್ನೊಮ್ಮೆ, ಇಬ್ಬರನ್ನೊಮ್ಮೆ ಸಾವಕಾಶ ನೋಡಿದಳು.

"ನಿಮ್ಮಲ್ಲಿ ತುರ್ತು ಪುಟ ಯಾರದು?"

ಚಿಕ್ಕವಳು ಸಮಾಧಾನ ಹೇಳುವವಳಂತೆ ಅಕ್ಕನ ಹೆಗಲ ಮೇಲೆ ಮೆಲ್ಲನೆ ಕೈಯಿಟ್ಟಳು.